ಊರಾಗ ವಾಂತಿ-ಭೇದಿ ಎದ್ದಾಗ ಅಂಜಿಕೆ ಯಾವುದರ ಮೇಲಿರಬೇಕು

ಕಲಬುರಗಿ, ಬೀದರ್, ಯಾದಗಿರಿ ಕಡೆ ವಾಂತಿ-ಭೇದಿ ಏಳುವ ಹೊತ್ತು ಮುಖ್ಯವಾಗಿ ಎರಡು. ಒಂದು, ಏಪ್ರಿಲ್-ಮೇ ಬಿಸಿಲಿಗೆ ಬೋರ್‌ವೆಲ್ ಬತ್ತಿ, ನಳಕ್ಕೆ ನಾಲ್ಕೈದು ದಿನಕ್ಕೊಮ್ಮೆ ನೀರು ಬಿಡುವ ಕಾಲ. ಇನ್ನೊಂದು, ಮಿರಗದ ಮಳೆ ಬಿದ್ದು ಬೇಸಿಗೆಯಿಡೀ ಒಣಗಿ ಕೂತಿದ್ದ ಗಟಾರುಗಳು ಮೊದಲ ಸಲ ತುಂಬಿ ಹರಿಯುವ ವಾರ. ಮೊದಲು ಒಂದು ಓಣಿಯಲ್ಲಿ ಇಬ್ಬರು ಮೂವರಿಗೆ ಹೊಟ್ಟೆ ಜಾಡಿಸುತ್ತದೆ. ಬಿಸಿಲು ಹತ್ತಿರಬೇಕು, ನಿನ್ನೆ ಮದುವೆ ಊಟ ಆಗಿಬಂದಿಲ್ಲ ಎಂದು ಒಂದು ದಿನ ಕಳೆಯುತ್ತದೆ. ಮಾರನೇ ದಿನ ಅದೇ ಓಣಿಯಲ್ಲಿ ಹತ್ತು ಮನೆ. ಅಷ್ಟರಲ್ಲಿ ವಾಟ್ಸಾಪ್‌ನಲ್ಲಿ ಊರಿನ ಹೆಸರು ತಿರುಗಾಡಲು ಶುರುವಾಗಿರುತ್ತದೆ.

ಅಲ್ಲಿಂದ ಮುಂದೆ ನಡೆಯುವುದನ್ನು ಗಮನಿಸಿದರೆ ಊರಿನ ಅಂಜಿಕೆ ಹೆಚ್ಚಾಗಿ ಕಣ್ಣಿಗೆ ಕಾಣುವುದರ ಹಿಂದೆಯೇ ಓಡುತ್ತದೆ. ಗಟಾರದ ಎರಡೂ ದಂಡೆಗೆ ಬಿಳಿ ಗೆರೆ ಎಳೆದಂತೆ ಬ್ಲೀಚಿಂಗ್ ಪೌಡರ್ ಚೆಲ್ಲುತ್ತಾರೆ, ಫೋಟೊ ತೆಗೆಯುತ್ತಾರೆ. ಹೊಗೆ ಹೊಡೆಯುವ ಯಂತ್ರ ಬರುತ್ತದೆ, ಅದು ಸೊಳ್ಳೆಗೆ. ಮಾಸ್ಕ್ ಹಾಕಿಕೊಂಡು ಓಡಾಡುತ್ತಾರೆ. ಕೋವಿಡ್‌ನಿಂದ ದೇಶದಲ್ಲೇ ಮೊದಲ ಸಾವು ದಾಖಲಾದದ್ದು ಕಲಬುರಗಿಯಲ್ಲಿ, 2020ರ ಮಾರ್ಚ್‌ನಲ್ಲಿ. ಆ ದಿನಗಳ ಅಂಜಿಕೆ ಈ ಭಾಗದವರ ಮೈಯಲ್ಲಿ ಇನ್ನೂ ಇದೆ. ಆದರೆ ಅದು ಉಸಿರಿನ ರೋಗ, ಇದು ಬಾಯಿಯ ರೋಗ. ಕಾಲರಾ ಇರಲಿ, ಬೇರೆ ಭೇದಿ ಇರಲಿ, ಒಬ್ಬರ ಮಲ ಇನ್ನೊಬ್ಬರ ಬಾಯಿಗೆ ಹೋದರೆ ಮಾತ್ರ ಹಬ್ಬುತ್ತದೆ. ಹೋಗುವ ದಾರಿ ಬಹುತೇಕ ನೀರು, ಅದರ ನಂತರ ಕೈ ಮತ್ತು ನೊಣ ಕೂತ ಅನ್ನ. ರೋಗಿಯ ಪಕ್ಕ ಕೂತು ಮಾತಾಡಿದರೆ ಏನೂ ಆಗುವುದಿಲ್ಲ. ಆ ಮನೆಯ ರಂಜಣಿಗೆಯಿಂದ ಒಂದು ಚರಿಗೆ ನೀರು ಕುಡಿದರೆ ಆಗಬಹುದು.

ಹಾಗಾಗಿ ಗಟಾರದ ದಂಡೆಗೆ ಚೆಲ್ಲಿದ ಪುಡಿಯಿಂದ ಈ ರೋಗ ನಿಲ್ಲುವುದಿಲ್ಲ. ಅದೇ ಚೀಲದ ಪುಡಿ ಟ್ಯಾಂಕಿನ ನೀರಿಗೆ ಸರಿಯಾದ ಅಳತೆಯಲ್ಲಿ ಬಿದ್ದರೆ ನಿಲ್ಲುತ್ತದೆ. ಎಷ್ಟೋ ಕಡೆ ಗಟಾರಕ್ಕೆ ಎರಡು ಚೀಲ ಖಾಲಿಯಾಗಿರುತ್ತದೆ, ಟ್ಯಾಂಕಿಗೆ ಮುಷ್ಟಿ ಲೆಕ್ಕದಲ್ಲಿ ಹಾಕಿರುತ್ತಾರೆ.

ಮೊದಲ ಕೆಲಸ, ಇದು ನೀರಿನದೋ ಊಟದ್ದೋ ಎಂದು ಅಂದಾಜು ಮಾಡುವುದು. ದಾಸೋಹದಲ್ಲೋ ಮದುವೆಯಲ್ಲೋ ಕೆಟ್ಟ ಊಟದಿಂದ ಬಂದದ್ದಾದರೆ ಅಲ್ಲಿ ಉಂಡವರಿಗೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಶುರುವಾಗುತ್ತದೆ, ಬೇರೆ ಬೇರೆ ಓಣಿಗಳಲ್ಲಿ ಕಾಣಿಸುತ್ತದೆ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ನೀರಿನದ್ದಾದರೆ ಪೈಪಿನ ಗುಂಟ ಹೋಗುತ್ತದೆ: ಒಂದೇ ಲೈನಿನ ಮನೆಗಳು, ದಿನ ದಿನ ಹೊಸಬರು, ಊಟಕ್ಕೆ ಹೋಗದ ಮುದುಕರೂ ಕೂಸುಗಳೂ. ಒಂದು ಹಾಳೆಯ ಮೇಲೆ ಓಣಿಗಳನ್ನು ಗೀಚಿ, ರೋಗಿ ಇರುವ ಮನೆಗೆ ಒಂದೊಂದು ಚುಕ್ಕೆ ಇಟ್ಟು, ಮೂರೇ ಪ್ರಶ್ನೆ ಬರೆದುಕೊಳ್ಳಬೇಕು: ಯಾವಾಗ ಶುರುವಾಯಿತು, ಯಾವ ನೀರು ಕುಡಿದಿರಿ, ಹಿಂದಿನ ಎರಡು ದಿನ ಎಲ್ಲಿ ಉಂಡಿರಿ. ಆಶಾ ಕಾರ್ಯಕರ್ತೆ ಮತ್ತು ನೀರುಗಂಟಿ ಜೊತೆಯಾಗಿ ಕೂತರೆ ಅರ್ಧ ಗಂಟೆಯ ಕೆಲಸ. ನೀರುಗಂಟಿ ಇಲ್ಲದೆ ಈ ನಕ್ಷೆ ಮಾಡಿದರೆ ಉಪಯೋಗ ಕಡಿಮೆ, ಯಾಕೆಂದರೆ ಯಾವ ವಾಲ್ವ್ ತಿರುಗಿಸಿದರೆ ಯಾವ ಓಣಿಗೆ ನೀರು ಹೋಗುತ್ತದೆ ಎಂಬುದು ಬಹಳ ಊರುಗಳಲ್ಲಿ ಅವರ ತಲೆಯಲ್ಲಿ ಬಿಟ್ಟು ಬೇರೆಲ್ಲೂ ಬರೆದಿಟ್ಟಿರುವುದಿಲ್ಲ.

ಒಂದೇ ಓಣಿಯಲ್ಲಿ ಎರಡು ದಿನದೊಳಗೆ ಎರಡು ಮೂರು ಮನೆಗಳಿಗೆ ಹಬ್ಬಿದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಲು ಅಷ್ಟೇ ಸಾಕು. ದೊಡ್ಡವರೊಬ್ಬರಿಗೆ ಅಕ್ಕಿ ತೊಳೆದ ನೀರಿನಂಥ ಭೇದಿ ಆಗಿ ಕೆಲವೇ ತಾಸಿನಲ್ಲಿ ಕಣ್ಣು ಗುಳಿಬಿದ್ದರೆ ಆ ಒಂದೇ ಪ್ರಕರಣವೂ ಸಾಕು, ಅದು ಕಾಲರಾ ಎಂದೇ ಹಿಡಿದು ನಡೆಯಬೇಕು. ಪತ್ರಿಕೆಯಲ್ಲಿ ಊರಿನ ಹೆಸರು ಕೆಡುತ್ತದೆ ಎಂದು ಮುಚ್ಚಿಡುವ ಪಂಚಾಯಿತಿಗಳಿವೆ. ಮುಚ್ಚಿಟ್ಟ ಮೂರು ದಿನದಲ್ಲಿ ಆಗುವ ಹಾನಿ ಹೆಸರಿಗಿಂತ ದೊಡ್ಡದು. 2023ರ ಫೆಬ್ರುವರಿಯಲ್ಲಿ ಗುರುಮಠಕಲ್ ತಾಲೂಕಿನ ಅನಪುರದಲ್ಲಿ ಕಲುಷಿತ ನೀರಿನಿಂದ ವಾಂತಿ-ಭೇದಿ ಹಬ್ಬಿ ಸಾವುಗಳಾದಾಗ ಮಳೆಗಾಲವೂ ಇರಲಿಲ್ಲ, ಸುಡುಬಿಸಿಲೂ ಇರಲಿಲ್ಲ. ನಾವು ಮೇಲೆ ಹೇಳಿದ ಎರಡು ಹೊತ್ತಿನ ಲೆಕ್ಕವನ್ನು ನಂಬಿ ಉಳಿದ ತಿಂಗಳು ನಿಶ್ಚಿಂತೆಯಿಂದ ಇರುವಂತಿಲ್ಲ.

ಇಲ್ಲೊಂದು ಎಡವಟ್ಟು ಪದೇ ಪದೇ ಆಗುತ್ತದೆ. ಸುದ್ದಿ ಮುಟ್ಟಿದ ಕೂಡಲೇ ಟ್ಯಾಂಕಿಗೆ ಕ್ಲೋರಿನ್ ಹಾಕುತ್ತಾರೆ, ಆಮೇಲೆ ನೀರಿನ ಮಾದರಿ ತೆಗೆಯುತ್ತಾರೆ. ವರದಿ ‘ಕುಡಿಯಲು ಯೋಗ್ಯ’ ಎಂದು ಬರುತ್ತದೆ. ಜನ ನಗುತ್ತಾರೆ, ಆ ಮೇಲೆ ಯಾವ ವರದಿಯನ್ನೂ ನಂಬುವುದಿಲ್ಲ. ಮಾದರಿ ಮೊದಲು, ಕ್ಲೋರಿನ್ ಆಮೇಲೆ. ನಡುವೆ ಹದಿನೈದು ನಿಮಿಷದ ತಡವಾದರೆ ಏನೂ ಕಳೆದುಹೋಗುವುದಿಲ್ಲ. ಕ್ಲೋರಿನ್ ಈಗಾಗಲೇ ಇರುವ ನೀರಾದರೆ ಬಾಟಲಿಯಲ್ಲಿ ಸೋಡಿಯಂ ಥಯೋಸಲ್ಫೇಟ್ ಇರಬೇಕು, ಇಲ್ಲವಾದರೆ ಪ್ರಯೋಗಾಲಯ ಮುಟ್ಟುವಷ್ಟರಲ್ಲಿ ದಾರಿಯಲ್ಲೇ ಕ್ಲೋರಿನ್ ಕ್ರಿಮಿಗಳನ್ನು ಕೊಂದುಬಿಟ್ಟಿರುತ್ತದೆ. ಮಾದರಿಯನ್ನು ಟ್ಯಾಂಕಿನಿಂದ ಮಾತ್ರ ತೆಗೆದರೆ ಸಾಲದು, ರೋಗಿಯ ಮನೆಯ ನಳದಿಂದಲೂ ಅವರು ಕುಡಿಯುವ ಕೊಡದಿಂದಲೂ ತೆಗೆಯಬೇಕು. ಮೂರರಲ್ಲಿ ಎಲ್ಲಿ ಕೆಟ್ಟಿದೆ ಎಂಬುದರ ಮೇಲೆ ಮುಂದಿನ ಕೆಲಸ ನಿಂತಿದೆ. ಮಲದ ಮಾದರಿಯೂ ಹಾಗೆಯೇ: ಆ್ಯಂಟಿಬಯೋಟಿಕ್ ಕೊಡುವ ಮೊದಲು ತೆಗೆದು, ಕ್ಯಾರಿ-ಬ್ಲೇರ್ ಮಾಧ್ಯಮ (ಕ್ರಿಮಿಯನ್ನು ದಾರಿಯಲ್ಲಿ ಜೀವಂತ ಇಡುವ ವಸ್ತು) ಇರುವ ಕೊಳವೆಯಲ್ಲಿ ಕಳಿಸಬೇಕು. ಕಾಲರಾದ ಮಾದರಿಗೆ ಫ್ರಿಜ್ ಬೇಡ.

ಈಗ ಪೈಪಿನ ವಿಷಯಕ್ಕೆ ಬರೋಣ. ನಮ್ಮ ಭಾಗದ ರೋಗಗಳ ಮೂಲ ಬಹುಪಾಲು ಅಲ್ಲಿದೆ. ಟ್ಯಾಂಕಿನ ನೀರು ಶುದ್ಧವಾಗಿದ್ದೂ ನಳದ ನೀರು ಹೇಗೆ ಕೆಡುತ್ತದೆ ಎಂದು ಜನ ಕೇಳುತ್ತಾರೆ. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡ ಇರುತ್ತದೆ, ಬಿರುಕಿದ್ದರೆ ನೀರು ಹೊರಗೆ ಸೋರುತ್ತದೆ. ವಾಲ್ವ್ ಬಂದ್ ಮಾಡಿದ ಮೇಲೆ ಪೈಪಿನ ನೀರು ತಗ್ಗಿನ ಮನೆಗಳ ಕಡೆ ಇಳಿಯುತ್ತದೆ, ಒಳಗೆ ಖಾಲಿಯಾಗುತ್ತದೆ, ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ. ಆಗ ಅದೇ ಬಿರುಕು ಹೊರಗಿನದನ್ನು ಒಳಕ್ಕೆ ಎಳೆಯುತ್ತದೆ. ಬಿರುಕಿನ ಸುತ್ತ ಗಟಾರದ ನೀರು ನಿಂತಿದ್ದರೆ ಅದೇ ಒಳಗೆ. ಇಪ್ಪತ್ನಾಲ್ಕು ತಾಸೂ ನೀರಿರುವ ಪೈಪಿನಲ್ಲಿ ಇದು ಆಗುವುದು ಅಪರೂಪ. ನಾಲ್ಕು ದಿನಕ್ಕೊಮ್ಮೆ ಬಿಡುವ ಪೈಪಿನಲ್ಲಿ ಪ್ರತಿ ಸಲವೂ ಆಗುತ್ತದೆ. ಮನೆಯವರು ನೀರು ಜಾಸ್ತಿ ಬರಲಿ ಎಂದು ನಳಕ್ಕೆ ನೇರವಾಗಿ ಮೋಟರ್ ಹಚ್ಚಿದರೆ ಇಡೀ ಲೈನಿನಲ್ಲಿ ಹೀರುವಿಕೆ ಇನ್ನೂ ಬಿಗಿಯಾಗುತ್ತದೆ. ಮೋಟರ್ ಹಚ್ಚಿದವರ ಮನೆಗಿಂತ ಮೊದಲು ಪಕ್ಕದ ಮನೆಗೆ ಹೊಲಸು ನೀರು ಹೋಗಲೂಬಹುದು.

ಎರಡನೆಯದು ತಗ್ಗು ನಳ. ಒತ್ತಡ ಕಡಿಮೆ ಇರುವ ಓಣಿಗಳಲ್ಲಿ ಮನೆ ಮುಂದೆ ಎರಡು ಮೂರು ಅಡಿ ತಗ್ಗು ತೋಡಿ, ಪೈಪನ್ನು ಅಲ್ಲೇ ಕತ್ತರಿಸಿ, ತಗ್ಗಿನಲ್ಲಿ ಕೊಡ ಇಟ್ಟು ತುಂಬಿಕೊಳ್ಳುತ್ತಾರೆ. ನಳದ ತಲೆ ಇರುವುದಿಲ್ಲ, ಒಂದು ಕಟ್ಟಿಗೆ ತುಂಡೋ ಬಟ್ಟೆಯೋ ತುರುಕಿರುತ್ತಾರೆ. ಮಳೆ ಬಂದರೆ ಗಟಾರ ಉಕ್ಕಿ ತಗ್ಗು ತುಂಬುತ್ತದೆ. ಪೈಪಿನ ಬಾಯಿ ಆ ನೀರಿನಲ್ಲಿ ಮುಳುಗಿರುತ್ತದೆ. ಒತ್ತಡ ಇಳಿದಾಗ ತಗ್ಗಿನ ನೀರೆಲ್ಲ ಪೈಪಿಗೆ. ಇಂಥ ಒಂದೇ ಒಂದು ತಗ್ಗು ಇಡೀ ಓಣಿಗೆ ಸಾಕು. ಮೂರನೆಯದು ವಾಲ್ವ್ ಗುಂಡಿ: ಮುಚ್ಚಳ ಇಲ್ಲದ, ಕಸ ತುಂಬಿದ, ಗಟಾರಕ್ಕೆ ಅಂಟಿಕೊಂಡೇ ಕಟ್ಟಿದ ಗುಂಡಿ. ವಾಲ್ವಿನ ಸ್ಪಿಂಡಲ್ ಸುತ್ತಲ ಪ್ಯಾಕಿಂಗ್ ಸವೆದಿದ್ದರೆ ಅಲ್ಲಿಂದಲೂ ನೀರು ಒಳಹೋಗುತ್ತದೆ. ನಾಲ್ಕನೆಯದು ಗಟಾರದೊಳಗಿಂದಲೇ ಹಾಯಿಸಿದ ಮನೆ ಸಂಪರ್ಕದ ಪೈಪುಗಳು. ರಸ್ತೆ ಅಗೆದು ಹೊಸ ಪೈಪು ಹಾಕುವಾಗ ಜೆಸಿಬಿ ಹಳೆಯದನ್ನು ಕಡಿದಿರುತ್ತದೆ, ಮೇಲೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ ಮಣ್ಣು ಮುಚ್ಚಿರುತ್ತಾರೆ.

ಹುಡುಕುವ ರೀತಿ ಹೀಗೆ. ರೋಗಿಗಳ ಚುಕ್ಕೆ ಹೆಚ್ಚಿರುವ ಲೈನಿನಲ್ಲಿ ನೀರು ಬಿಟ್ಟು, ಗಟಾರದ ಗುಂಟ ನಡೆಯಬೇಕು. ಗಟಾರದಲ್ಲಿ ತಿಳಿನೀರು ಬುಗ್ಗೆಯಂತೆ ಏಳುವ ಜಾಗವೇ ಸೋರಿಕೆ. ವಾಲ್ವ್ ಬಂದಾದ ಮೇಲೆ ಗಟಾರದ ನೀರು ಒಳಗೆ ಹೋಗುವ ಜಾಗವೂ ಅದೇ. ರಿಪೇರಿ ಆಗುವ ತನಕ ಆ ಲೈನಿನ ನೀರನ್ನು ಕುಡಿಯಲು ಬಿಡಬಾರದು. ಆದರೆ ಬದಲಿ ನೀರು ನಿಲ್ಲಿಸದೆ ನಳ ಬಂದ್ ಮಾಡುವುದು ದೊಡ್ಡ ತಪ್ಪು. ಜನ ಹಾಳುಬಿದ್ದ ಬಾವಿಗೋ, ಹಳ್ಳದ ಒರತೆಗೋ, ಹೊಲದ ಕೃಷಿಹೊಂಡಕ್ಕೋ ಹೋಗುತ್ತಾರೆ, ಅಲ್ಲಿ ಕ್ಲೋರಿನ್ ಹಾಕುವವರು ಯಾರೂ ಇಲ್ಲ. ಟ್ಯಾಂಕರ್ ಮೊದಲು ಬಂದು ನಿಲ್ಲಬೇಕು, ನಂತರ ವಾಲ್ವ್ ಮುಚ್ಚಬೇಕು. ಟ್ಯಾಂಕರ್ ತುಂಬುವಾಗಲೇ ಕ್ಲೋರಿನ್ ಹಾಕಿ, ಲೀಟರಿಗೆ 2 ಮಿಲಿಗ್ರಾಂ ಉಳಿಕೆ (ಖರ್ಚಾಗದೆ ನೀರಿನಲ್ಲಿ ಉಳಿದ ಕ್ಲೋರಿನ್) ಇರುವಂತೆ ನೋಡಿಕೊಂಡರೆ ಓಣಿಗೆ ಬಂದು ಕೊಡ ಸೇರುವ ಹೊತ್ತಿಗೆ ಸರಿಹೋಗುತ್ತದೆ.

ಬ್ಲೀಚಿಂಗ್ ಪೌಡರ್ ಲೆಕ್ಕ ಕಷ್ಟದ್ದೇನಲ್ಲ, ಆದರೆ ಮುಷ್ಟಿಯಲ್ಲಿ ಅಳೆಯುವಂಥದ್ದೂ ಅಲ್ಲ. ಹೊಸ ಪುಡಿಯಲ್ಲಿ ಸುಮಾರು 30ರಿಂದ 33 ಶೇಕಡಾ ಕ್ಲೋರಿನ್ ಇರುತ್ತದೆ. ಮಾಮೂಲಿ ದಿನಗಳಲ್ಲಿ 1,000 ಲೀಟರ್ ನೀರಿಗೆ 2.5 ಗ್ರಾಂ. ರೋಗ ಎದ್ದಾಗ 5 ಗ್ರಾಂನಿಂದ ಶುರುಮಾಡಿ, ಕೊನೆಯ ಮನೆಯ ನಳದಲ್ಲಿ ಅಳೆದು ಹೆಚ್ಚು ಕಡಿಮೆ ಮಾಡಬೇಕು. 50,000 ಲೀಟರಿನ ಓವರ್‌ಹೆಡ್ ಟ್ಯಾಂಕಿಗೆ ಅಂದರೆ 250 ಗ್ರಾಂ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ 250 ಗ್ರಾಂನ ಪೊಟ್ಟಣಗಳನ್ನು ಮೊದಲೇ ಕಟ್ಟಿ, ಗಾಳಿಯಾಡದ ಡಬ್ಬಿಯಲ್ಲಿ ನೆರಳಿಗೆ ಇಟ್ಟರೆ ಪ್ರತಿ ಸಲ ತೂಗುವ ಗೋಜಿಲ್ಲ. ಬಾವಿಯಾದರೆ ಅಡಿಯಲ್ಲಿ ಅಳೆಯುವುದು ಸುಲಭ: ಅಡ್ಡಳತೆಯನ್ನು ಅಡ್ಡಳತೆಯಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 22ರಿಂದ ಗುಣಿಸಿದರೆ ಲೀಟರ್ ಬರುತ್ತದೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ನೀರಿದ್ದರೆ 26,400 ಲೀಟರ್, ಅಂದರೆ ಸುಮಾರು 130 ಗ್ರಾಂ.

ಪುಡಿಯನ್ನು ಒಣದಾಗಿ ಟ್ಯಾಂಕಿಗೆ ಸುರಿಯಬಾರದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಬಕೆಟ್ಟಿನ ಮುಕ್ಕಾಲು ಭಾಗ ನೀರು ತುಂಬಿ ಕಲಕಿ, ಹತ್ತು ನಿಮಿಷ ಬಿಡಬೇಕು. ಒಂದು ಬಕೆಟ್ಟಿಗೆ 100 ಗ್ರಾಂಗಿಂತ ಹೆಚ್ಚು ಬೇಡ. 250 ಗ್ರಾಂ ಇದ್ದರೆ ಮೂರು ಬಕೆಟ್. ಸುಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯಲ್ಲಿ ಕ್ಲೋರಿನ್ ಇರುತ್ತದೆ. ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ ಸುಣ್ಣವನ್ನು ಹೊರಗೆ ಚೆಲ್ಲಬೇಕು. ಅದನ್ನೂ ಟ್ಯಾಂಕಿಗೆ ಹಾಕಿದರೆ ನೀರು ಇನ್ನಷ್ಟು ಗಡಸಾಗುತ್ತದೆ, ತಳದಲ್ಲಿ ಹೂಳು ಕಟ್ಟುತ್ತದೆ. ಟ್ಯಾಂಕು ಅರ್ಧ ತುಂಬಿದಾಗ ತಿಳಿ ಹಾಕಿದರೆ ಮುಂದೆ ಬೀಳುವ ನೀರೇ ಅದನ್ನು ಕಲಕುತ್ತದೆ. ತುಂಬಿದ ಮೇಲೆ ಹಾಕಿದರೆ ಮೇಲೆಯೇ ನಿಂತು, ಕೆಳಗಿನ ಪೈಪಿನಿಂದ ಮೊದಲು ಹೊರಡುವ ನೀರಿಗೆ ಔಷಧವೇ ಇರುವುದಿಲ್ಲ. ಬಾವಿಗಾದರೆ ತಿಳಿಯಿರುವ ಬಕೆಟ್ಟನ್ನು ಹಗ್ಗದಿಂದ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ, ಅತ್ತ ಇತ್ತ ಆಡಿಸಬೇಕು. ಕನಿಷ್ಠ ಅರ್ಧ ಗಂಟೆ, ಬಾವಿಗೆ ಒಂದು ಗಂಟೆ ಬಿಟ್ಟ ಮೇಲೆ ನೀರು ಬಳಕೆಗೆ.

ಲೆಕ್ಕ ಸರಿಯಿದ್ದೂ ಕೆಲಸ ಕೆಡುವುದು ಬಹಳ ಸಲ ಪುಡಿಯ ವಯಸ್ಸಿನಿಂದ. ಪಂಚಾಯಿತಿ ಕೋಣೆಯ ಮೂಲೆಯಲ್ಲಿ ಬಾಯಿ ಬಿಚ್ಚಿದ ಚೀಲ, ಮೇಲೆ ತಗಡಿನ ಸೂರು, ಹೊರಗೆ 42 ಡಿಗ್ರಿ. ಹೀಗಿಟ್ಟರೆ ಪುಡಿಯ ಬಲ ವಾರವಾರಕ್ಕೂ ಇಳಿಯುತ್ತದೆ. ಮೂಗಿಗೆ ಚುರ್ ಎನ್ನುವ ವಾಸನೆ ಹೋಗಿ, ಹಸಿಯಾಗಿ ಗಂಟುಕಟ್ಟಿದ್ದರೆ ಅದು ಬಹುಮಟ್ಟಿಗೆ ಸುಣ್ಣ. ಬಲ ಅರ್ಧಕ್ಕಿಳಿದಿದ್ದರೆ ಎರಡರಷ್ಟು ಹಾಕಬೇಕು, ಆದರೆ ಎಷ್ಟಕ್ಕಿಳಿದಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಅದಕ್ಕೇ ನಳದ ತುದಿಯಲ್ಲಿ ಅಳೆಯಬೇಕು. ಪರೀಕ್ಷಾ ಕಿಟ್‌ನ ಕೊಳವೆಯಲ್ಲಿ ಗೆರೆಯ ತನಕ ನಳದ ನೀರು ಹಿಡಿದು, ಅದರಲ್ಲಿ ಬರೆದಷ್ಟು ಹನಿ ಹಾಕಿದರೆ ಹಳದಿ ಬಣ್ಣ ಬರುತ್ತದೆ (ಡಿಪಿಡಿ ಮಾತ್ರೆಯ ಕಿಟ್ ಆದರೆ ಗುಲಾಬಿ). ಬಣ್ಣದ ಪಟ್ಟಿಗೆ ಹೋಲಿಸಿದರೆ ಸಂಖ್ಯೆ ಸಿಗುತ್ತದೆ. ಮಾಮೂಲಿಗೆ ಲೀಟರಿಗೆ 0.2 ಮಿಲಿಗ್ರಾಂ ಉಳಿದಿದ್ದರೆ ಸಾಕು ಎನ್ನುತ್ತದೆ ಭಾರತೀಯ ಮಾನದಂಡ. ರೋಗ ಎದ್ದಾಗ ಕೊನೆಯ ಮನೆಯಲ್ಲೂ 0.5 ಇರಲೇಬೇಕು. ಟ್ಯಾಂಕಿನ ಬುಡದಲ್ಲಿ 1 ಇದ್ದು ಓಣಿಯ ತುದಿಯಲ್ಲಿ ಸೊನ್ನೆ ಬಂದರೆ ನಡುವೆ ಎಲ್ಲೋ ಹೊಲಸು ಸೇರಿ ಕ್ಲೋರಿನ್ನನ್ನು ತಿಂದಿದೆ ಎಂದರ್ಥ. ಸೋರಿಕೆ ಹುಡುಕಲು ಇದಕ್ಕಿಂತ ಅಗ್ಗದ ಉಪಾಯ ನಮಗೆ ಗೊತ್ತಿಲ್ಲ: ಮನೆ ಮನೆಯ ನಳದಲ್ಲಿ ಅಳೆಯುತ್ತ ಹೋದರೆ ಎಲ್ಲಿ ಬಣ್ಣ ಮಾಯವಾಗುತ್ತದೋ ಅದರ ಹಿಂದುಮುಂದೆಯೇ ಬಿರುಕು.

‘ನೀರು ಔಷಧದ ವಾಸನಿ ಹೊಡೀತದ, ಕುಡೀಲಿಕ್ಕ ಆಗಂಗಿಲ್ಲ’ ಎಂಬ ದೂರು ಖಂಡಿತ ಬರುತ್ತದೆ, ಕೆಲವರು ಅದೇ ಕಾರಣಕ್ಕೆ ಹಳೇ ಬಾವಿಗೆ ಹೋಗುತ್ತಾರೆ. ತುಂಬಿದ ಕೊಡವನ್ನು ಮುಚ್ಚಿ ಒಂದೆರಡು ತಾಸು ಬಿಟ್ಟು ಕುಡಿದರೆ ವಾಸನೆ ಕಡಿಮೆಯಾಗುತ್ತದೆ ಎಂದು ಮೊದಲೇ ಹೇಳಿಬಿಟ್ಟರೆ ಅರ್ಧ ಜಗಳ ತಪ್ಪುತ್ತದೆ.

ಮನೆಯೊಳಗಿನ ಕೆಲಸ ಇಷ್ಟು: ಕುದಿಸುವುದಾದರೆ ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು. ಅದೇ ಪಾತ್ರೆಯಲ್ಲಿ ಆರಲು ಬಿಡಬೇಕು. ನಿನ್ನೆಯ ಕೊಡಕ್ಕೆ ಸುರಿದರೆ ಮತ್ತೆ ಮೊದಲಿನ ಕತೆ. ಸೌದೆ, ಗ್ಯಾಸ್ ಸಾಲದ ಮನೆಗೆ ಕ್ಲೋರಿನ್ ಮಾತ್ರೆ ಒಳ್ಳೆಯದು. 20 ಲೀಟರಿಗೊಂದು, 5 ಲೀಟರಿಗೊಂದು ಎಂದು ಬೇರೆ ಬೇರೆ ಬಲದವು ಇರುವುದರಿಂದ ಪಟ್ಟಿಯ ಮೇಲಿನ ಅಳತೆ ಓದಿ ಹೇಳಿ ಕೊಡಬೇಕು, ಸುಮ್ಮನೆ ಹತ್ತು ಮಾತ್ರೆ ಕೈಗಿಟ್ಟರೆ ಯಾರಾದರೂ ನುಂಗಿಬಿಡುತ್ತಾರೆ. ನೀರು ಬಗ್ಗಡವಿದ್ದರೆ ಮೊದಲು ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಆಮೇಲೆ ಮಾತ್ರೆ. ಹಳೇ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೋಸುವುದರಿಂದ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕಾಲರಾ ಸುಮಾರು ಅರ್ಧಕ್ಕಿಳಿದದ್ದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿದೆ. ಆದರೆ ಅದು ಕೆರೆಕುಂಟೆಯ ನೀರಿನ ಮಾತು, ಅಲ್ಲಿ ಕಾಲರಾ ಕ್ರಿಮಿ ಸಣ್ಣ ಜಲಜೀವಿಗಳಿಗೆ ಅಂಟಿಕೊಂಡಿರುತ್ತದೆ. ಗಟಾರ ಸೇರಿದ ನಳದ ನೀರಿಗೆ ಸೀರೆಯನ್ನು ನೆಚ್ಚುವಂತಿಲ್ಲ. ಪಟಿಕ ಬಗ್ಗಡ ಕೂರಿಸುತ್ತದೆ, ಕ್ರಿಮಿ ಕೊಲ್ಲುವ ಕೆಲಸ ಅದರದ್ದಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರೂ ಕ್ಯಾನಿಗೆ ಬಿದ್ದ ಮೇಲೆ ಅನಾಥ: ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ತೊಳೆಯದ ಕ್ಯಾನ್, ಅದರೊಳಗೆ ಅದ್ದಿದ ಕೈ, ಮುಗಿಯಿತು. ರಂಜಣಿಗೆಗೋ ಹಂಡೆಗೋ ಹಿಡಿ ಉದ್ದದ ಸೌಟು ಇಡಿ. ತೋಟಿ ಇದ್ದರೆ ಇನ್ನೂ ಒಳ್ಳೆಯದು.

ರೋಗಿಯ ಆರೈಕೆಯಲ್ಲಿ ಜನ ಒತ್ತಾಯಿಸುವುದು ‘ಒಂದು ಸಲಾಯಿನ್ ಹಚ್ರಿ ಡಾಕ್ಟ್ರ’ ಎಂದು. ಲೆಕ್ಕ ಹಾಕಿ ನೋಡಿ. ತೀವ್ರವಾಗಿ ನೀರು ಕಳೆದುಕೊಂಡ 60 ಕಿಲೋ ತೂಕದವರಿಗೆ ಕಿಲೋಗೆ 100 ಮಿಲಿ ಲೆಕ್ಕದಲ್ಲಿ ಮೂರು ತಾಸಿನಲ್ಲಿ 6 ಲೀಟರ್ ಬೇಕು, ಅಂದರೆ 500 ಮಿಲಿಯ ಹನ್ನೆರಡು ಬಾಟಲಿ. ಅದೂ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ಸಲಾಯಿನ್, ಮೊದಲ ಅರ್ಧ ಗಂಟೆಯಲ್ಲೇ ಸುಮಾರು 1.8 ಲೀಟರ್. ಊರಿನ ಕ್ಲಿನಿಕ್‌ನಲ್ಲಿ ಸಂಜೆಯಿಡೀ ನಿಧಾನ ಹನಿಯುವ ಒಂದು ಗ್ಲೂಕೋಸ್ ಬಾಟಲಿ ಅಂಥ ರೋಗಿಗೆ ಏನೇನೂ ಸಾಲದು, ಮೇಲಾಗಿ ದೊಡ್ಡಾಸ್ಪತ್ರೆಗೆ ಹೋಗಬೇಕಾದ ಹೊತ್ತನ್ನು ನುಂಗುತ್ತದೆ. ಇನ್ನು ಅಷ್ಟು ತೀವ್ರವಲ್ಲದ ರೋಗಿಗೆ ಆ ಬಾಟಲಿ ಬೇಕಾಗಿಯೇ ಇಲ್ಲ, ಬಾಯಿಂದ ಕುಡಿಸುವ ಓಆರ್‌ಎಸ್ ಸಾಕು. ಸರಿಯಾದ ಹೊತ್ತಿಗೆ ನೀರು-ಲವಣ ತುಂಬಿಕೊಟ್ಟರೆ ಕಾಲರಾದಲ್ಲಿ ಸಾವು ನೂರಕ್ಕೆ ಒಂದಕ್ಕಿಂತ ಕಡಿಮೆ.

ಓಆರ್‌ಎಸ್‌ನ ದೊಡ್ಡ ಪೊಟ್ಟಣ 20.5 ಗ್ರಾಂ, ಒಂದು ಪೂರ್ತಿ ಲೀಟರಿಗೆ. ಅದನ್ನು ಒಂದು ಲೋಟಕ್ಕೆ ಕಲಸಿದರೆ ಉಪ್ಪು-ಸಕ್ಕರೆ ಅತಿಯಾಗಿ ಭೇದಿ ಹೆಚ್ಚುತ್ತದೆ, ಕೂಸಿಗೆ ಅಪಾಯ. ಅರ್ಧರ್ಧ ಪುಡಿ ಬಳಸಿದರೂ ಅಳತೆ ತಪ್ಪುತ್ತದೆ. ಲೀಟರ್ ಬಾಟಲಿ ತೊಳೆದು, ಕುದಿಸಿ ಆರಿಸಿದ ನೀರು ತುಂಬಿ, ಪೊಟ್ಟಣ ಪೂರ್ತಿ ಹಾಕಿ ಅಲುಗಾಡಿಸಿ. 24 ತಾಸಿನ ಮೇಲೆ ಉಳಿದದ್ದನ್ನು ಚೆಲ್ಲಿ. ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿ, ಹತ್ತು ವರ್ಷದ ತನಕ 100ರಿಂದ 200, ದೊಡ್ಡವರಿಗೆ ಕುಡಿಯುವಷ್ಟು. ನೀರು ಕಳೆದ ಲಕ್ಷಣ ಕಾಣಿಸಿದ್ದರೆ ಮೊದಲ ನಾಲ್ಕು ತಾಸಿನಲ್ಲಿ ಕಿಲೋ ತೂಕಕ್ಕೆ 75 ಮಿಲಿ: 12 ಕಿಲೋ ಮಗುವಿಗೆ 900 ಮಿಲಿ, 60 ಕಿಲೋದವರಿಗೆ ನಾಲ್ಕೂವರೆ ಲೀಟರ್. ಕುಡಿಸಿದ್ದೆಲ್ಲ ಉಲ್ಟಿಯಾಯಿತು ಎಂದು ಅಲ್ಲೇ ಬಿಟ್ಟುಬಿಡುವುದು ಮನೆಗಳಲ್ಲಿ ಆಗುವ ದೊಡ್ಡ ತಪ್ಪು. ಹತ್ತು ನಿಮಿಷ ತಡೆದು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರುಮಾಡಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎರಡೂ ತಲೆ ಸವರಿದ ಚಮಚ. ಅಂಗಡಿಯ ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಅಂಥವುಗಳ ಮೇಲೆ ಆ ಹೆಸರು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ಮಕ್ಕಳಿಗೆ ಸತುವಿನ (ಜಿಂಕ್) ಮಾತ್ರೆ ಭೇದಿ ನಿಂತ ಮೇಲೂ ಒಟ್ಟು 14 ದಿನ: ಆರು ತಿಂಗಳ ಮೇಲಿನವರಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳವರಿಗೆ 10. ಎದೆಹಾಲು ನಿಲ್ಲಿಸಬೇಡಿ. ಅಂಬಲಿ, ಗಂಜಿ, ಮಜ್ಜಿಗೆಯಲ್ಲಿ ಕಿವುಚಿದ ಅನ್ನ ಕೊಡಿ. ಹೊಟ್ಟೆ ಖಾಲಿ ಬಿಟ್ಟರೆ ಭೇದಿ ನಿಲ್ಲುವುದಿಲ್ಲ. ಔಷಧದಂಗಡಿಯಿಂದ ತಂದ ಭೇದಿ ಕಟ್ಟುವ ಮಾತ್ರೆ ಮಕ್ಕಳಿಗೆ ಬೇಡವೇ ಬೇಡ. ಆರು ತಾಸಿನಿಂದ ಮೂತ್ರ ಇಲ್ಲ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನ ಇಳಿಯುತ್ತದೆ, ಮಂಪರು, ಕುಡಿಯಲೂ ಆಗುತ್ತಿಲ್ಲ, ಭೇದಿಯಲ್ಲಿ ರಕ್ತ: ಇವುಗಳಲ್ಲಿ ಒಂದು ಕಂಡರೂ 108. ದಾರಿಯುದ್ದಕ್ಕೂ, ಎಚ್ಚರವಿದ್ದರೆ, ಗುಟುಕು ಗುಟುಕಾಗಿ ಕುಡಿಸುತ್ತಲೇ ಹೋಗಬೇಕು.

ವಾಂತಿ-ಭೇದಿ ಬಿದ್ದ ನೆಲಕ್ಕೆ 0.5 ಶೇಕಡಾ ದ್ರಾವಣ, ಅಂದರೆ ಹೊಸ ಪುಡಿ ಲೀಟರಿಗೆ 17 ಗ್ರಾಂ, ಸುರಿದು ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಸಂಡಾಸಿನ ಆ್ಯಸಿಡ್ ಜೊತೆ ಬೆರೆಸಬಾರದು, ಬೆರೆಸಿದರೆ ವಿಷಾನಿಲ ಏಳುತ್ತದೆ. ರೋಗಿಯ ಬಟ್ಟೆಯನ್ನು ಬಾವಿಯ ಕಟ್ಟೆಯಲ್ಲೋ ಹಳ್ಳದಲ್ಲೋ ಒಗೆಯುವುದು ಬೇಡ. ಬಿಸಿನೀರಲ್ಲಿ ಕುದಿಸಿ, ಉರಿಬಿಸಿಲಿಗೆ ಹಾಕಿ. ನಮ್ಮ ಬಿಸಿಲಿನ ಒಂದೇ ಒಂದು ಉಪಕಾರ ಇಲ್ಲಿ ಸಿಗುತ್ತದೆ.

ಊರಿಗೆ ಸುದ್ದಿ ಮುಟ್ಟಿಸುವುದೂ ಒಂದು ಕಲೆ. ‘ಸಾರ್ವಜನಿಕರು ಗಾಬರಿಯಾಗಬಾರದು, ಮುನ್ನೆಚ್ಚರಿಕೆ ವಹಿಸಬೇಕು’ ಎಂಬ ಪ್ರಕಟಣೆಯಿಂದ ಗಾಬರಿ ಹೆಚ್ಚುತ್ತದೆ, ಯಾಕೆಂದರೆ ಅದರಲ್ಲಿ ಮಾಡುವ ಕೆಲಸ ಯಾವುದೂ ಇಲ್ಲ. ಡಂಗುರಕ್ಕೂ, ಗುಡಿ ಮಸೀದಿಗಳ ಮೈಕಿಗೂ ಇಂಥದ್ದು ಕೊಟ್ಟು ನೋಡಿ: ‘ಕೇಳ್ರಪ್ಪೋ, ಅಗಸಿ ಓಣಿ ನಳದ ನೀರು ಕುಡೀಲಿಕ್ಕ ಬ್ಯಾಡ್ರಿ, ಅಡಗಿಗಿ ಬ್ಯಾಡ್ರಿ, ಭಾಂಡಿ ತೊಳೀಲಿಕ್ಕೂ ಬ್ಯಾಡ್ರಿ. ಕುಡಿಯೋ ನೀರಿನ ಟ್ಯಾಂಕರ್ ಮುಂಜಾನೆ ಏಳಕ್ಕ, ಸಂಜಿ ಐದಕ್ಕ ಅಗಸಿ ಹಂತ್ಯಾಕ ನಿಂದರ್ತದ. ದಿನಕ್ಕ ಮೂರು ಸಲ ನೀರ್‌ನೀರು ಹೊಟ್ಟಿ ನಡದ್ರ ಆಶಾ ಅಕ್ಕನ ಮನಿಗಿ ಹೋಗಿ ಓಆರ್‌ಎಸ್ ಪುಡಿ ತಗೋರಿ, ಪುಕ್ಕಟ ಅದ. ಒಂದಕ್ಕ ನಿಂತ್ರ 108ಕ್ಕ ಫೋನ್ ಹಚ್ರಿ. ಪೈಪು ಎಲ್ಲಿ ಒಡದದ ಹುಡುಕ್ಲಿಕತ್ತೀವಿ, ನಾಳಿ ಸಂಜಿಗಿ ಮತ್ತ ಹೇಳ್ತೀವಿ.’ ಕೊನೆಯ ಮಾತು ಮುಖ್ಯ. ಇನ್ನೂ ಗೊತ್ತಾಗದ್ದನ್ನು ಗೊತ್ತಾಗಿಲ್ಲ ಎಂದು ಹೇಳಿ, ಮುಂದಿನ ಸುದ್ದಿಯ ಹೊತ್ತು ಕೊಟ್ಟು, ಆ ಹೊತ್ತಿಗೆ ತಪ್ಪದೆ ಹೇಳಿದರೆ ಗಾಳಿಸುದ್ದಿಗೆ ಜಾಗ ಉಳಿಯುವುದಿಲ್ಲ. ತಾಂಡಾದಲ್ಲಿ ಲಂಬಾಣಿಯಲ್ಲಿ, ಔರಾದ ಕಡೆ ಮರಾಠಿಯಲ್ಲಿ, ಗುರುಮಠಕಲ್ ಕಡೆ ತೆಲುಗಿನಲ್ಲಿ, ಪ್ಯಾಟಿಯ ಮೊಹಲ್ಲಾಗಳಲ್ಲಿ ದಖನಿಯಲ್ಲಿ ಹೇಳಬೇಕು. ರೋಗಿಯ ಹೆಸರು, ಮನೆ, ಜಾತಿ ಎಲ್ಲಿಯೂ ಬೇಡ. ಹೆಸರು ಹೊರಬಿದ್ದ ಮಾರನೇ ದಿನದಿಂದ ಉಳಿದ ಮನೆಯವರು ಭೇದಿಯನ್ನು ಮುಚ್ಚಿಡುತ್ತಾರೆ, ನಕ್ಷೆಯ ಚುಕ್ಕೆಗಳು ಸುಳ್ಳಾಗುತ್ತವೆ.

ಆರೋಗ್ಯದ ಪ್ರಶ್ನೆಗಳಿಗೆ 104 ಇದೆ. ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ಅನುದಾನ (ಊರಿನ ಅಗತ್ಯ ನೋಡಿ ಸಮಿತಿಯೇ ಖರ್ಚು ಮಾಡಬಹುದಾದ ಹಣ) ಬರುತ್ತದೆ. ಒಂದು ಕ್ಲೋರಿನ್ ಕಿಟ್, ಹೊಸ ಪುಡಿ, ಮುಚ್ಚಳವಿರುವ ಡಬ್ಬಿಗೆ ಅದು ಧಾರಾಳವಾಯಿತು.

ಹೊಸ ರೋಗಿ ಇಲ್ಲದೆ ಹತ್ತು ದಿನ ಕಳೆದರೆ ಮುಗಿಯಿತು ಎನ್ನಬಹುದು. ಕಾಲರಾ ಕ್ರಿಮಿ ಒಳಹೊಕ್ಕು ರೋಗ ತೋರಲು ಹೆಚ್ಚೆಂದರೆ ಐದು ದಿನ, ಅದರ ಎರಡರಷ್ಟು ಕಾಯುವುದು ರೂಢಿ. ಲಕ್ಷಣವೇ ಇಲ್ಲದವರ ಮಲದಲ್ಲೂ ಕ್ರಿಮಿ ಹತ್ತು ದಿನದ ತನಕ ಹೋಗುತ್ತಿರಬಹುದು, ಹಾಗಾಗಿ ಮೂರನೇ ದಿನಕ್ಕೇ ಟ್ಯಾಂಕರ್ ವಾಪಸ್ ಕಳಿಸುವುದು, ಕ್ಲೋರಿನ್ ಅಳತೆ ಇಳಿಸುವುದು ಎರಡೂ ಬೇಡ. ಆ ಹತ್ತು ದಿನ ಪಂಚಾಯಿತಿ ಮೇಲೆ ಊರಿನ ಕಣ್ಣು ಇರುತ್ತದೆ. ಪೈಪು ಬದಲಿಸುವ ಕೆಲಸ ಆಗುವುದಿದ್ದರೆ ಆಗಲೇ ಆಗುತ್ತದೆ, ಆಮೇಲೆ ಕಡತ ಸೇರುತ್ತದೆ. ಗ್ರಾಮಸಭೆಯಲ್ಲಿ ಕೇಳಬೇಕಾದದ್ದು ಮೂರು: ಗಟಾರದೊಳಗೆ ಹಾಯ್ದ ಸಂಪರ್ಕಗಳೆಷ್ಟು, ತಗ್ಗು ನಳಗಳೆಷ್ಟು, ಮುಚ್ಚಳ ಇಲ್ಲದ ವಾಲ್ವ್ ಗುಂಡಿಗಳೆಷ್ಟು. ಉತ್ತರವನ್ನು ಓಣಿವಾರು ನಡಾವಳಿಯಲ್ಲಿ ಬರೆಸಿ, ಪ್ರತಿಯೊಂದರ ಮುಂದೆ ಮುಗಿಸುವ ತಾರೀಖು ಹಾಕಿಸಿ, ಪ್ರತಿ ತೆಗೆದುಕೊಳ್ಳಿ.